ಕಸ ಎತ್ತುವ ಕಂಪನಿ ಶುರು ಮಾಡುವ ಮುಂಚೆ: ಹೆಜ್ಜೆ ಹೆಜ್ಜೆಯಾಗಿ ಒಂದು ಮಾರ್ಗದರ್ಶಿ

ಕಸ ಎತ್ತುವ ಕೆಲಸ ಶುರು ಮಾಡಬೇಕು ಅಂತ ಕೇಳಿಕೊಂಡು ಬರುವವರು ಮೊದಲು ಗಾಡಿಯ ಮಾತು ತೆಗೆಯುತ್ತಾರೆ. ಯಾವ ಆಟೋ ಟಿಪ್ಪರ್ ಒಳ್ಳೆಯದು, ಹಳೇ ಗಾಡಿ ತಗೊಂಡ್ರೆ ನಡೆಯುತ್ತಾ, ಸಾಲ ಎಲ್ಲಿ ಸಿಗುತ್ತೆ. ನಾನು ತಿರುಗಿ ಕೇಳುವುದು ಒಂದೇ: ಬೆಳಗ್ಗೆ ತುಂಬಿದ ಗಾಡಿಯನ್ನು ಮಧ್ಯಾಹ್ನ ಎಲ್ಲಿ ಖಾಲಿ ಮಾಡ್ತೀರಿ?

ಇದಕ್ಕೆ ಉತ್ತರ ಇಟ್ಟುಕೊಳ್ಳದೆ ಗಾಡಿ ಕೊಂಡವರು, ಮೂರು ತಿಂಗಳಲ್ಲಿ ಕತ್ತಲಾದ ಮೇಲೆ ಕೆರೆ ಏರಿ ಪಕ್ಕ ಸುರಿದು ಬರುವ ಸ್ಥಿತಿಗೆ ಇಳಿಯುತ್ತಾರೆ. ದೊಡ್ಡ ಊರುಗಳೇ ಇದೇ ತಪ್ಪು ಮಾಡಿವೆ. ಬೆಂಗಳೂರಿನ ಕಸ ವರ್ಷಗಟ್ಟಲೆ ಮಂಡೂರಿಗೆ ಹೋಯಿತು. ಅಲ್ಲಿನ ಜನ ನೀರು ಕೆಟ್ಟಿತು, ನೊಣ ತಡೆಯೋಕಾಗಲ್ಲ ಅಂತ ಬೀದಿಗಿಳಿದ ಮೇಲೆ, 2014ರ ಕೊನೆಗೆ ಲಾರಿಗಳು ನಿಂತವು. ಮಂಗಳೂರಿನ ಪಚ್ಚನಾಡಿಯಲ್ಲಿ 2019ರ ಆಗಸ್ಟ್ ಮಳೆಗೆ ಕಸದ ಗುಡ್ಡವೇ ಜರಿಯಿತು. ಕೆಳಗಿದ್ದ ಮಂದಾರದ ಮನೆ, ತೋಟಗಳನ್ನು ನುಂಗಿಕೊಂಡಿತು. ಅಡಿಕೆ, ತೆಂಗು ಬೆಳೆದುಕೊಂಡು ಇದ್ದ ಜನ ಊರೇ ಬಿಡಬೇಕಾಯಿತು.

ಅದಕ್ಕೇ ಈ ಲೇಖನವನ್ನು ಹಿಂದಿನಿಂದ ಶುರು ಮಾಡುತ್ತಿದ್ದೇನೆ. ಅಪಾರ್ಟ್‌ಮೆಂಟ್, ಲೇಔಟ್, ಕ್ಯಾಂಟೀನ್, ಹಾಸ್ಟೆಲ್‌ಗಳಿಂದ ಕಸ ಎತ್ತುವ ಒಂದೆರಡು ಗಾಡಿಯ ಸಣ್ಣ ಕಂಪನಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಪಂಚಾಯಿತಿಯ ಕಸ ವಿಂಗಡಿಸುವ ಘಟಕವಾದ ಸ್ವಚ್ಛ ಸಂಕೀರ್ಣ ನಡೆಸುವ ಸ್ತ್ರೀಶಕ್ತಿ, ಸ್ವಸಹಾಯ ಸಂಘಗಳಿಗೂ ಹೆಚ್ಚಿನದು ಹೊಂದುತ್ತದೆ.

ಮೊದಲು: ಇಳಿಸುವ ಜಾಗ

ಒಂದು ಮನೆಯ ಕಸ ಕಡೇ ಪಕ್ಷ ನಾಲ್ಕು ದಾರಿ ಹಿಡಿಯಬೇಕು. ಹಸಿ ಕಸ ಗೊಬ್ಬರಕ್ಕೋ ಬಯೋಗ್ಯಾಸ್‌ಗೋ ಹೋಗಬೇಕು. ಒಣ ಕಸ ವಿಂಗಡಿಸುವ ಶೆಡ್‌ಗೆ, ಅಲ್ಲಿಂದ ಕೊಳ್ಳುವವರ ಹತ್ತಿರ. ಪ್ಯಾಡ್, ಡೈಪರ್, ಬ್ಯಾಂಡೇಜ್ ಸುಡುವ ಅನುಮತಿ ಇರುವ ಘಟಕಕ್ಕೆ. ಇಷ್ಟು ಮಾಡಿ ಉಳಿಯುವುದೇ ರಿಜೆಕ್ಟ್. ಈ ಪದವನ್ನು ನೆನಪಿಡಿ, ಮತ್ತೆ ಮತ್ತೆ ಬರುತ್ತದೆ.

ನಾಲ್ಕೂ ಕಡೆ ಖುದ್ದಾಗಿ ಹೋಗಿ ನೋಡಿ. ದಿನಕ್ಕೆ ಎಷ್ಟು ಕೆಜಿ ತಗೊಳ್ತಾರೆ, ಭಾನುವಾರ ಗೇಟ್ ತೆಗೆದಿರುತ್ತಾ, ಮಳೆಗಾಲದಲ್ಲಿ ದಾರಿ ಹೇಗಿರುತ್ತೆ ಅಂತ ಕೇಳಿ. ಒಪ್ಪಿದ್ದನ್ನು ಕಾಗದದ ಮೇಲೆ ಬರೆಸಿಕೊಳ್ಳಿ. ಬಾಯಿಮಾತಿನಲ್ಲಿ 'ತನ್ನಿ ಸಾರ್, ನೋಡೋಣ' ಅಂದವರು ಗಾಡಿ ಬಂದು ನಿಂತಾಗ ಫೋನ್ ಎತ್ತುವುದಿಲ್ಲ. ಹಸಿ ಕಸಕ್ಕೆ ಎರಡನೇ ಜಾಗವನ್ನೂ ನೋಡಿಟ್ಟುಕೊಳ್ಳಿ. ಒಣ ಕಸ ಎರಡು ದಿನ ಶೆಡ್‌ನಲ್ಲಿ ಕಾಯುತ್ತದೆ, ಹಸಿ ಕಸ ಒಂದು ರಾತ್ರಿಯೂ ಕಾಯುವುದಿಲ್ಲ.

ಏಳು ದಿನ ತೂಗಿ

ಗಿರಾಕಿ ಸಿಕ್ಕರು ಅಂತ ಕೂಡಲೇ ದರ ಹೇಳಬೇಡಿ. ಒಂದು ವಾರ ಅವರ ಕಸವನ್ನು ತೂಗಿ. ಭಾನುವಾರ ಕೋಳಿ, ಮೀನು ಮಾಡಿದ ಮನೆಗಳ ಕಸ ಸೋಮವಾರ ಬೆಳಗ್ಗೆ ಬರುತ್ತದೆ. ಅದು ಬೇರೆ ದಿನದ ಹಾಗಿರಲ್ಲ. ಅದಕ್ಕೇ ಪೂರ್ತಿ ವಾರ ಬೇಕು.

ಲೆಕ್ಕ ಹೀಗೆ ಹಾಕಿ. 200 ಮನೆಯ ಅಪಾರ್ಟ್‌ಮೆಂಟ್, ಮನೆಗೆ ಒಂದೂವರೆ ಕೆಜಿ ಅಂದುಕೊಂಡರೆ ದಿನಕ್ಕೆ 300 ಕೆಜಿ. ಅದರಲ್ಲಿ ಹಸಿ 180, ಒಣ 80, ಸ್ಯಾನಿಟರಿ ಮತ್ತು ಇತರೆ 40 ಅಂತ ಇಟ್ಟುಕೊಳ್ಳಿ. ನಿಮ್ಮ ತೂಕ ಬೇರೆ ಬರಬಹುದು, ಆದರೆ ನಮ್ಮ ಕಡೆ ಅರ್ಧಕ್ಕಿಂತ ಜಾಸ್ತಿ ಹಸಿ ಕಸವೇ ಇರುತ್ತದೆ. ಒಣ ಕಸ ತೂಕದಲ್ಲಿ ಕಮ್ಮಿ, ಜಾಗ ಮಾತ್ರ ಎರಡರಷ್ಟು ತಿನ್ನುತ್ತದೆ. ಬರೀ ಕೆಜಿ ನೋಡಿ ಗಾಡಿ ಆರಿಸಿದವರು ಗಾಡಿಯ ಮೇಲೆ ಟಾರ್ಪಾಲು ಕಟ್ಟಿಕೊಂಡು ಒದ್ದಾಡುವುದು ಇದಕ್ಕೇ.

2016ರ ಘನತ್ಯಾಜ್ಯ ನಿಯಮಗಳು ದಿನಕ್ಕೆ ಸರಾಸರಿ 100 ಕೆಜಿಗಿಂತ ಹೆಚ್ಚು ಕಸ ಮಾಡುವವರನ್ನು ದೊಡ್ಡ ಪ್ರಮಾಣದ ಉತ್ಪಾದಕರು ಅಂತ ಕರೆದವು. ತಮ್ಮ ಹಸಿ ಕಸವನ್ನು ಆದಷ್ಟು ತಮ್ಮ ಆವರಣದಲ್ಲೇ ಸಂಸ್ಕರಿಸಬೇಕು ಅಂತಲೂ ಹೇಳಿದವು. ನಿಮ್ಮ ಗಿರಾಕಿಗಳಲ್ಲಿ ಹೆಚ್ಚಿನವರು ಈ ಗುಂಪಿನವರೇ. ಒಳಗೆ ಗೊಬ್ಬರದ ತೊಟ್ಟಿ ಇಡಲು ಜಾಗ ಇದ್ದರೆ ಅದನ್ನೇ ನಡೆಸಿಕೊಡುತ್ತೇವೆ ಅಂತ ಕೇಳಿ. ಡೀಸೆಲ್ ಉಳಿಯುತ್ತದೆ, ಗೊಬ್ಬರ ಅವರ ಗಿಡಕ್ಕೇ ಹೋಗುತ್ತದೆ. ನನಗೆ ಕೇಳಿದರೆ, ಎತ್ತದೆ ಉಳಿದ ಕಸವೇ ಅತ್ಯಂತ ಚೆನ್ನಾಗಿ ಎತ್ತಿದ ಕಸ.

ಕಾಗದಪತ್ರ

ಕಂಪನಿ ನೋಂದಣಿ, ಜಿಎಸ್‌ಟಿ, ಊರಿನ ಪಾಲಿಕೆ ಅಥವಾ ಪುರಸಭೆಯ ಅನುಮತಿ, ಸಂಸ್ಕರಣೆಯನ್ನೂ ಮಾಡುವುದಾದರೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ, ಗಾಡಿಯ ವಿಮೆ. ಊರಿಂದ ಊರಿಗೆ ಬೇಕಾಗುವ ಪತ್ರಗಳು ಬದಲಾಗುತ್ತವೆ, ನಿಯಮಗಳೂ ಆಗಾಗ ಬದಲಾಗುತ್ತವೆ. ನಿಮ್ಮ ಪಾಲಿಕೆಯ ಆರೋಗ್ಯ ಅಥವಾ ಪರಿಸರ ವಿಭಾಗದಲ್ಲಿ ಕೂತು ಪಟ್ಟಿ ಬರೆದುಕೊಂಡು ಬನ್ನಿ.

ಗಿರಾಕಿಯ ಜೊತೆಗಿನ ಕರಾರಿನಲ್ಲಿ ಒಂದು ಸಾಲು ಮಾತ್ರ ತಪ್ಪದೇ ಇರಲಿ: ಬೆರೆಸಿದ ಕಸವನ್ನು ತೆಗೆದುಕೊಳ್ಳುವುದಿಲ್ಲ. ಈ ಸಾಲು ಇಲ್ಲದಿದ್ದರೆ ಮುಂದೆ ಬರೆದಿರುವ ಯಾವುದೂ ನಡೆಯುವುದಿಲ್ಲ.

ಗಾಡಿ, ದಾರಿ, ಹೊತ್ತು

ಈಗ ಗಾಡಿಯ ಮಾತು. ಬೆಂಗಳೂರಿನಲ್ಲಿ ಒಂದು ಆಟೋ ಟಿಪ್ಪರ್‌ಗೆ ಸುಮಾರು 750 ಮನೆ ಅನ್ನುವ ಲೆಕ್ಕ ಇಟ್ಟುಕೊಂಡಿದ್ದರು. ಕಿರಿದಾದ ಓಣಿ, ಮೂರು ಮಹಡಿ ಮೆಟ್ಟಿಲು ಇದ್ದಲ್ಲಿ ಅಷ್ಟು ಆಗುವುದಿಲ್ಲ. ಅಪಾರ್ಟ್‌ಮೆಂಟ್‌ಗಳಲ್ಲಿ ಡ್ರಮ್ಮುಗಳು ಒಂದೇ ಕಡೆ ಇರುವುದರಿಂದ ಇನ್ನೂ ಜಾಸ್ತಿ ಮನೆ ಹಿಡಿಸಬಹುದು.

ಗಾಡಿಯ ತೊಟ್ಟಿಗೆ ನಡುವೆ ತಗಡಿನ ಗೋಡೆ ಹಾಕಿಸಿ. ಹಸಿ ಕಸದ ಭಾಗದ ಕೆಳಗೆ ನೀರು ಇಳಿಯುವ ಸಣ್ಣ ಟ್ಯಾಂಕು, ಅದಕ್ಕೊಂದು ನಲ್ಲಿ ಇರಲಿ. ಕಸದ ಗಾಡಿ ಹೋದ ರಸ್ತೆಯಲ್ಲಿ ಉದ್ದಕ್ಕೂ ಕಪ್ಪು ನೀರಿನ ಗೆರೆ ನೋಡಿದ್ದೀರಲ್ವಾ? ಅದು ಈ ಟ್ಯಾಂಕು ಇಲ್ಲದ ಗಾಡಿ. ಆ ನೀರಿನ ಮೇಲೆ ಸ್ಕೂಟರ್ ಜಾರಿ ಬೀಳುತ್ತದೆ. ಸಣ್ಣ ಖರ್ಚು, ಮಾಡಿಸಿಬಿಡಿ.

ದಾರಿಯನ್ನು ನಕ್ಷೆ ನೋಡಿ ಬರೆಯಬೇಡಿ. ಡ್ರೈವರ್ ಜೊತೆ ಕೂತು ಎರಡು ದಿನ ಓಡಾಡಿ ಬರೆಯಿರಿ. ದೂರದ ಗಿರಾಕಿಯಿಂದ ಶುರು ಮಾಡಿ ಶೆಡ್ ಕಡೆಗೆ ಬರುವ ಹಾಗಿರಲಿ. ತುಂಬಿದ ಗಾಡಿ ಕಮ್ಮಿ ದೂರ ಓಡಬೇಕು. ಏರು ಇದ್ದರೆ ಖಾಲಿ ಇರುವಾಗಲೇ ಹತ್ತಬೇಕು. ಶಾಲೆ ಬಸ್ಸುಗಳು ಹೊರಡುವ ಮುಂಚೆ ಇಕ್ಕಟ್ಟಿನ ರಸ್ತೆಗಳನ್ನು ಮುಗಿಸಿ. ಹಸಿ ಕಸ ದಿನಾ, ಒಣ ಕಸ ವಾರಕ್ಕೆ ಎರಡು ದಿನ. ಒಣ ಕಸದ ದಿನಗಳನ್ನು ಒಮ್ಮೆ ಹೇಳಿದ ಮೇಲೆ ಬದಲಾಯಿಸಬೇಡಿ, ಮನೆಯವರಿಗೆ ಅಭ್ಯಾಸ ಆಗಲು ತಿಂಗಳುಗಳೇ ಬೇಕು.

ಗೇಟಿನ ಹತ್ತಿರ

ಬೆಂಗಳೂರಿನಲ್ಲಿ 2015ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಆದೇಶದಿಂದ ಎರಡು ಬುಟ್ಟಿ, ಒಂದು ಚೀಲದ ಪದ್ಧತಿ ಬಂತು. ಹಸಿರು ಬುಟ್ಟಿ ಹಸಿ ಕಸಕ್ಕೆ, ಕೆಂಪು ಬುಟ್ಟಿ ಸ್ಯಾನಿಟರಿ ಮತ್ತು ರಿಜೆಕ್ಟ್‌ಗೆ, ಚೀಲ ಒಣ ಕಸಕ್ಕೆ. ಮೊದಲ ವಾರ ಮನೆ ಮನೆಗೆ ಹೋಗಿ ಇದನ್ನು ತೋರಿಸಬೇಕು. ಕರಪತ್ರ ಕೊಟ್ಟರೆ ಸಾಲದು. ಅವರದೇ ಬುಟ್ಟಿಯನ್ನು ಅವರ ಮುಂದೆಯೇ ತೆಗೆದು, ಇದು ಇಲ್ಲಿ, ಅದು ಅಲ್ಲಿ ಅಂತ ತೋರಿಸಿದರೆ ಒಂದೇ ಸಲಕ್ಕೆ ಅರ್ಥ ಆಗುತ್ತದೆ. ಮನೆಕೆಲಸಕ್ಕೆ ಬರುವ ಅಕ್ಕಂದಿರಿಗೂ ತಪ್ಪದೇ ತೋರಿಸಿ. ಎಷ್ಟೋ ಮನೆಗಳಲ್ಲಿ ಕಸ ಕಟ್ಟುವವರು ಅವರೇ, ಸಭೆಗೆ ಕರೆಯುವುದು ಮಾತ್ರ ಮನೆ ಮಾಲೀಕರನ್ನು.

ಬೆರೆಸಿ ತಂದರೆ ಏನು ಮಾಡಬೇಕು? ಮೊದಲ ಸಲ ಹೇಳಿ. ಎರಡನೇ ಸಲ ಬಾಗಿಲಿಗೆ ಚೀಟಿ ಅಂಟಿಸಿ. ಮೂರನೇ ಸಲ ಅಲ್ಲೇ ಬಿಟ್ಟು ಬನ್ನಿ. ಬಿಟ್ಟು ಬಂದ ದಿನ ಫೋನ್ ಬರುತ್ತದೆ. ಆ ಫೋನ್ ನೀವು ಎತ್ತಿ, ಹುಡುಗರ ಮೇಲೆ ಬಿಡಬೇಡಿ. 'ನಮ್ಮವರು ಕೈ ಹಾಕಿ ಬೇರೆ ಮಾಡಬೇಕಾಗುತ್ತೆ ಮೇಡಂ, ಅದಕ್ಕೇ ಬಿಟ್ಟು ಬಂದ್ರು' ಅಂತ ಸಮಾಧಾನವಾಗಿ ಹೇಳಿದರೆ ಹೆಚ್ಚಿನವರು ಒಪ್ಪುತ್ತಾರೆ. ಜಗಳ ಆಗುವುದು ಹುಡುಗರನ್ನು ಏಕವಚನದಲ್ಲಿ ಬೈದಾಗ. ಅಂಥ ಗಿರಾಕಿಗೆ ನಾನು ಒಂದೇ ಮಾತು ಹೇಳುತ್ತೇನೆ: ನಮ್ಮವರಿಗೆ ಮರ್ಯಾದೆ ಕೊಟ್ಟು ಮಾತಾಡಿ.

ಶೆಡ್‌ನಲ್ಲಿ

ಕಂಪನಿಯ ನಿಜವಾದ ಕೆಲಸ ನಡೆಯುವುದು ಇಲ್ಲಿ. ನೆಲದ ಮೇಲೆ ಕೂತು ವಿಂಗಡಿಸುವ ಪದ್ಧತಿಯನ್ನು ಮೊದಲ ದಿನವೇ ಬಿಟ್ಟುಬಿಡಿ. ಸೊಂಟದ ಎತ್ತರಕ್ಕೆ ಮೇಜು ಹಾಕಿಸಿ, ಮೇಲೆ ಬೆಳಕು, ಪಕ್ಕದಲ್ಲಿ ಗಾಳಿ. ಮೇಜಿನ ಸುತ್ತ ಚೀಲಗಳನ್ನು ತೂಗುಹಾಕಿ. ಜಾಸ್ತಿ ಬರುವ ವಸ್ತುವಿನ ಚೀಲ ಕೈಗೆ ಹತ್ತಿರ, ಅಪರೂಪದ್ದು ದೂರ.

ನಾನು ಈ ಕೆಲಸಕ್ಕೆ ಹೊಸಬನಾಗಿದ್ದಾಗ ಎರಡು ಪ್ಲಾಸ್ಟಿಕ್ ಕವರ್ ಹಿಡಿದುಕೊಂಡು ಯಾವುದು ಯಾವ ಚೀಲಕ್ಕೆ ಅಂತ ನಿಂತಿದ್ದೆ. ಎದುರಿಗಿದ್ದ ಅಕ್ಕ ಎರಡನ್ನೂ ತಗೊಂಡು ಮುಷ್ಟಿಯಲ್ಲಿ ಹಿಸುಕಿದರು. ಒಂದು ಕಿರಕಿರ ಅಂತು, ಇನ್ನೊಂದು ಸದ್ದೇ ಮಾಡಲಿಲ್ಲ. 'ಸದ್ದು ಮಾಡಿದ್ದು ಆ ಕಡೆ, ಮೆತ್ತಗಿರೋದು ಹಾಲಿನ ಕವರ್ ಜೊತೆ' ಅಂದರು. ಅವರು ಚಿಂದಿ ಆಯುತ್ತಾ ಇಪ್ಪತ್ತು ವರ್ಷ ಬೀದಿಯಲ್ಲಿ ಕಲಿತದ್ದು ಅದು. ಬಿಸ್ಕತ್ತು, ಶರ್ಟಿನ ಕವರ್‌ಗಳಲ್ಲಿ ಬರುವ ಪಿಪಿ (ಪಾಲಿಪ್ರೊಪಿಲೀನ್) ಅನ್ನುವ ಪ್ಲಾಸ್ಟಿಕ್ ಕಿರುಗುಟ್ಟುತ್ತದೆ. ಹಾಲಿನ ಕವರ್‌ನ ಎಲ್‌ಡಿ (ಒಂದು ಬಗೆಯ ಪಾಲಿಥಿನ್) ಮೆತ್ತಗಿರುತ್ತದೆ. ಎರಡೂ ಬೆರೆತರೆ ಕೊಳ್ಳುವವನು ಇಡೀ ಚೀಲಕ್ಕೆ ಕಮ್ಮಿ ದರ ಕಟ್ಟುತ್ತಾನೆ.

2011ರಲ್ಲಿ ಬಿಬಿಎಂಪಿ ಚಿಂದಿ ಆಯುವವರಿಗೆ ಗುರುತಿನ ಚೀಟಿ ಕೊಡಲು ಶುರು ಮಾಡಿತು. ಮುಂದೆ ವಾರ್ಡುಗಳ ಒಣ ಕಸ ಸಂಗ್ರಹ ಕೇಂದ್ರಗಳನ್ನು ನಡೆಸಲು ಅವರಲ್ಲಿ ಹಲವರು ಮುಂದೆ ಬಂದರು. ನಿಮ್ಮ ಶೆಡ್‌ಗೆ ಜನ ಬೇಕಾದಾಗ ಮೊದಲು ಅವರನ್ನು ಕೇಳಿ. ಈ ಕೆಲಸದ ಪಾಠ ಹೇಳಿಕೊಡುವವರು ಅವರೇ.

ಮೇಜಿನ ಮೇಲೆ ಆಗುವ ಸಾಮಾನ್ಯ ತಪ್ಪುಗಳನ್ನು ಹೇಳಿಬಿಡುತ್ತೇನೆ. ಎಣ್ಣೆ ಹಿಡಿದ ಪಿಜ್ಜಾ ಡಬ್ಬ ರಟ್ಟಿನ ಜೊತೆ ಹೋಗಬಾರದು, ಹರಿದು ಗೊಬ್ಬರದ ರಾಶಿಗೆ ಹಾಕಿ. ಹಾಲಿನ ಕವರ್ ತೊಳೆಯದೆ ಬಂದರೆ ಮರುದಿನ ಶೆಡ್ ಪೂರ್ತಿ ಹುಳಿ ವಾಸನೆ. ಮೂಲೆ ಕತ್ತರಿಸಿದ ಸಣ್ಣ ಚೂರನ್ನು ಪೂರ್ತಿ ಬೇರೆ ಮಾಡದೆ ಕವರ್‌ಗೆ ಅಂಟಿದಂತೆಯೇ ಬಿಡಲು ಮನೆಯವರಿಗೆ ಹೇಳಿ, ಆ ಚೂರುಗಳನ್ನು ಯಾರಿಂದಲೂ ಆಯಲು ಆಗುವುದಿಲ್ಲ. ಪೆಟ್ ಬಾಟಲಿಯ ಮುಚ್ಚಳ ಬೇರೆ ಪ್ಲಾಸ್ಟಿಕ್, ತೆಗೆದು ಬೇರೆ ಹಾಕಿ. ಚಿಪ್ಸ್, ಶಾಂಪೂ ಸ್ಯಾಚೆಗಳು ಹಲವು ಪದರದವು. ಅವನ್ನು ಗುಜರಿಯವರು ಕೊಳ್ಳುವುದಿಲ್ಲ. ಮೊಬೈಲ್, ಆಟಿಕೆಗಳ ಬ್ಯಾಟರಿ ಕಂಡ ಕೂಡಲೇ ಪ್ರತ್ಯೇಕ ಡಬ್ಬಿಗೆ ಹಾಕಿ. ರಟ್ಟನ್ನು ಒತ್ತಿ ಕಟ್ಟಿದ ಬೇಲ್ ಒಳಗೆ ಸಿಕ್ಕಿಕೊಂಡ ಬ್ಯಾಟರಿ ಒತ್ತಡಕ್ಕೆ ಹೊತ್ತಿಕೊಂಡರೆ ಶೆಡ್ ಉಳಿಯುವುದಿಲ್ಲ. ಬೆಂಕಿ ನಂದಿಸುವ ಸಿಲಿಂಡರ್ ಎರಡು, ಮರಳಿನ ಬಕೆಟ್ ನಾಲ್ಕು, ಬಾಗಿಲ ಹತ್ತಿರವೇ ಇರಲಿ.

ವಿಂಗಡಿಸಿದ್ದನ್ನು ಒತ್ತಿ ಬೇಲ್ ಮಾಡಿದರೆ ಲಾರಿಗೆ ಜಾಸ್ತಿ ಹಿಡಿಯುತ್ತದೆ. ಬೆಂಗಳೂರಾದರೆ ನಾಯಂಡಹಳ್ಳಿ ಕಡೆ ಪ್ಲಾಸ್ಟಿಕ್ ಕೊಳ್ಳುವ, ಅರೆಯುವ ಸಣ್ಣ ಘಟಕಗಳಿವೆ. ರದ್ದಿ, ರಟ್ಟಿಗೆ ಬೇರೆ ವ್ಯಾಪಾರಿಗಳು. ದರ ವಾರದಿಂದ ವಾರಕ್ಕೆ ಏರಿಳಿಯುತ್ತದೆ. ಒಬ್ಬನನ್ನೇ ನಂಬಬೇಡಿ, ಮೂವರ ದರ ಕೇಳಿ.

ಹಸಿ ಕಸ ಗೊಬ್ಬರವಾಗಲಿ

ಇದರಲ್ಲಿ ನನಗೆ ತುಂಬ ಪ್ರೀತಿ, ಆದ್ದರಿಂದ ಸ್ವಲ್ಪ ಉದ್ದ ಹೇಳುತ್ತೇನೆ.

ಹಸಿ ಕಸಕ್ಕೆ ಒಣ ಎಲೆ, ಮರದ ಹೊಟ್ಟು ಅಥವಾ ತೆಂಗಿನ ನಾರಿನ ಪುಡಿ ಬೆರೆಸಿ ಒಂದೂವರೆ ಮೀಟರ್ ಎತ್ತರದ ಉದ್ದನೆಯ ರಾಶಿ ಮಾಡಿ. ಬರೀ ಅನ್ನ, ತರಕಾರಿ ಸಿಪ್ಪೆ ಹಾಕಿದರೆ ಒಳಗೆ ಗಾಳಿ ಆಡದೆ ಕೊಳೆಯುತ್ತದೆ. ಇಂಗಾಲ ಸುಮಾರು 30 ಪಾಲಿಗೆ ಸಾರಜನಕ ಒಂದು ಪಾಲು ಇರಬೇಕು ಅನ್ನುತ್ತಾರೆ. ಅದನ್ನು ಅಳೆಯುತ್ತಾ ಕೂರುವುದು ಬೇಡ, ಮೂಗೇ ಸಾಕು. ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಾಳಿ ಇಲ್ಲ, ತಿರುವಿ ಹಾಕಿ. ಕಣ್ಣು ಉರಿಸುವ ಅಮೋನಿಯಾ ವಾಸನೆ ಬಂದರೆ ಒಣ ಎಲೆ ಜಾಸ್ತಿ ಮಾಡಿ. ಮಣ್ಣಿನ ವಾಸನೆ ಬಂದರೆ ಎಲ್ಲ ಸರಿಯಿದೆ.

ನೀರು ಎಷ್ಟಿರಬೇಕು? ರಾಶಿಯ ಒಳಗಿಂದ ಒಂದು ಹಿಡಿ ತೆಗೆದು ಬಿಗಿಯಾಗಿ ಹಿಂಡಿ. ಬೆರಳ ಸಂದಿಯಲ್ಲಿ ಒಂದೆರಡು ಹನಿ ಕಂಡರೆ ಹದ. ಧಾರೆಯಾಗಿ ಇಳಿದರೆ ಒಣ ವಸ್ತು ಬೆರೆಸಿ. ಕೈ ಬಿಟ್ಟ ಕೂಡಲೇ ಪುಡಿಯಾಗಿ ಉದುರಿದರೆ ನೀರು ಚಿಮುಕಿಸಿ.

ಮೂರು ನಾಲ್ಕು ದಿನಕ್ಕೆ ರಾಶಿ ಕಾಯಲು ಶುರುವಾಗುತ್ತದೆ. ಒಳಗೆ 55ರಿಂದ 65 ಡಿಗ್ರಿ ಬರಬೇಕು. ಆ ಕಾವಿಗೆ ರೋಗಾಣು, ಕಳೆಯ ಬೀಜ ಸಾಯುತ್ತವೆ. ಉದ್ದನೆಯ ಕಬ್ಬಿಣದ ಸರಳನ್ನು ರಾಶಿಯೊಳಗೆ ತೂರಿಸಿ ಹತ್ತು ನಿಮಿಷ ಬಿಟ್ಟು ತೆಗೆಯಿರಿ. ಹಿಡಿಯಲಾಗದಷ್ಟು ಬಿಸಿ ಇದ್ದರೆ ಒಳಗೆ ಕೆಲಸ ನಡೆಯುತ್ತಿದೆ ಅಂತ ಅರ್ಥ. ಚಳಿಗಾಲದ ಬೆಳಗ್ಗೆ ರಾಶಿ ತಿರುವುವಾಗ ಒಳಗಿಂದ ಹಬೆ ಏಳುತ್ತದೆ. ನೋಡಲು ಚೆಂದ. ವಾರಕ್ಕೊಮ್ಮೆ ತಿರುವಿ. ಆರರಿಂದ ಎಂಟು ವಾರಕ್ಕೆ ಕಪ್ಪಗಾಗಿ ತಣ್ಣಗಾಗುತ್ತದೆ. ಆಮೇಲೆ ಜರಡಿ ಹಿಡಿಯಬೇಕು. ಗೊಬ್ಬರ ಅಂತ ಮಾರುವುದಾದರೆ ನೂರಕ್ಕೆ 90 ಪಾಲು 4 ಮಿಲಿಮೀಟರ್ ಜರಡಿಯಲ್ಲಿ ಇಳಿಯಬೇಕು ಅಂತ ಸರ್ಕಾರದ ರಸಗೊಬ್ಬರ ನಿಯಮವೇ ಹೇಳುತ್ತದೆ. ರೈತರಿಗೆ ಕೊಡುವ ಮುಂಚೆ ಪ್ರಯೋಗಾಲಯದಲ್ಲಿ ಭಾರಲೋಹಗಳ ಪರೀಕ್ಷೆ ಮಾಡಿಸಿ. ಬೆರೆಸಿದ ಕಸದಿಂದ ಮಾಡಿದ ಗೊಬ್ಬರದಲ್ಲಿ ಗಾಜಿನ ಚೂರು ಸಿಕ್ಕರೆ ಆ ರೈತ ಮತ್ತೆ ನಿಮ್ಮ ಹತ್ತಿರ ಬರುವುದಿಲ್ಲ. ಬರಿಗಾಲಲ್ಲಿ ಗದ್ದೆಗೆ ಇಳಿಯುವವರು ಅವರು.

ಮೇಲೆ ಚಾವಣಿ ಇರಲೇಬೇಕು. ಮಳೆ ಬಿದ್ದರೆ ಎಲ್ಲ ಹಾಳು. ಕೆಳಗೆ ಸಿಮೆಂಟ್ ನೆಲ, ಒಂದು ಕಡೆಗೆ ಇಳಿಜಾರು, ಕಸದ ನೀರು ಗುಂಡಿಗೆ ಹೋಗಲಿ. ಆ ನೀರನ್ನು ಹೊಸ ರಾಶಿಗೆ ಚಿಮುಕಿಸಬಹುದು. ಚರಂಡಿಗೆ ಮಾತ್ರ ಬಿಡಬೇಡಿ.

ಸ್ಯಾನಿಟರಿ ಮತ್ತು ರಿಜೆಕ್ಟ್

ಪ್ಯಾಡ್, ಡೈಪರ್‌ಗಳನ್ನು ನ್ಯೂಸ್ ಪೇಪರಿನಲ್ಲಿ ಸುತ್ತಿ, ಮೇಲೆ ಕೆಂಪು ಇಂಕಿನಲ್ಲಿ ಗುರುತು ಹಾಕಿಕೊಡಲು ಹೇಳಿ. ಗುರುತು ಕಂಡರೆ ನಮ್ಮವರು ಬಿಚ್ಚುವುದಿಲ್ಲ. ಇಷ್ಟೇ ಸಾಕು.

ರಿಜೆಕ್ಟ್‌ನಲ್ಲಿ ಉರಿಯುವಂಥದ್ದು, ಅಂದರೆ ಹರಿದ ಬಟ್ಟೆ, ಹಲವು ಪದರದ ಪ್ಲಾಸ್ಟಿಕ್, ಥರ್ಮೋಕೋಲ್, ಸಿಮೆಂಟ್ ಕಾರ್ಖಾನೆಗಳ ಗೂಡಿಗೆ ಇಂಧನವಾಗಿ ಹೋಗಬಹುದು. 2016ರ ನಿಯಮಗಳ ಪ್ರಕಾರ ಕೆಜಿಗೆ 1500 ಕಿಲೋಕ್ಯಾಲರಿಗಿಂತ ಜಾಸ್ತಿ ಶಾಖ ಕೊಡುವ ಕಸವನ್ನು ಹೂಳುವಂತಿರಲಿಲ್ಲ. ನಿಮ್ಮಂಥ ಸಣ್ಣ ಕಂಪನಿ ನೇರ ಕಾರ್ಖಾನೆಗೆ ಕೊಡಲು ಆಗದು. ಹಲವರಿಂದ ಒಟ್ಟು ಮಾಡಿ ಕಳಿಸುವವರಿಗೆ ಕೊಡಬೇಕು, ಅದಕ್ಕೆ ನೀವೇ ಹಣ ತೆರಬೇಕಾಗಬಹುದು. ಕಲ್ಲು, ಮಣ್ಣು, ಒಡೆದ ಪಿಂಗಾಣಿ ಮಾತ್ರ ಪಾಲಿಕೆಯ ಭೂಭರ್ತಿಗೆ, ಅಂದರೆ ಕಸ ಹೂಳುವ ಜಾಗಕ್ಕೆ.

ದಿನಾ ರಿಜೆಕ್ಟ್ ತೂಗಿ ಗೋಡೆಯ ಬೋರ್ಡಿನ ಮೇಲೆ ಬರೆಯಿರಿ. ಕಂಪನಿ ಹೇಗೆ ನಡೆಯುತ್ತಿದೆ ಅಂತ ನನಗೆ ತಿಳಿಯಬೇಕಾದರೆ ಬ್ಯಾಂಕ್ ಪಾಸ್‌ಬುಕ್ ಬೇಡ, ಆ ಬೋರ್ಡ್ ಸಾಕು. ರಿಜೆಕ್ಟ್ ಏರಿದರೆ ಯಾವುದೋ ಗೇಟಿನಲ್ಲಿ ಬೆರಕೆ ಶುರುವಾಗಿದೆ, ಇಲ್ಲವೇ ಮೇಜಿನ ಹತ್ತಿರ ಜನ ಸಾಲುತ್ತಿಲ್ಲ. ಅದೇ ದಿನ ಹುಡುಕಿ. ಒಂದು ವಾರ ಬಿಟ್ಟರೆ ಅದೇ ಅಭ್ಯಾಸವಾಗುತ್ತದೆ.

ಕೆಲಸ ಮಾಡುವ ಕೈಗಳು

ಒಮ್ಮೆ ಹಸಿ ಕಸದ ಚೀಲದಲ್ಲಿ ಒಡೆದ ಗ್ಲಾಸು ಇತ್ತು. ರಬ್ಬರ್ ಗ್ಲೌಸ್ ಸೀಳಿ ನಮ್ಮ ಹುಡುಗನ ಅಂಗೈಗೆ ಆರು ಹೊಲಿಗೆ ಬಿತ್ತು. ಹದಿನೈದು ದಿನ ಅವನು ಅನ್ನ ಕಲಸಿದ್ದು ಎಡಗೈಯಲ್ಲಿ. ತೆಳ್ಳನೆಯ ಗ್ಲೌಸ್ ತಂದದ್ದು ನಾನು. ಅವತ್ತಿನಿಂದ ದಪ್ಪ ಗ್ಲೌಸ್ ಬಿಟ್ಟು ಬೇರೆ ತರಿಸಿಲ್ಲ, ಹರಿದರೆ ಅದೇ ದಿನ ಹೊಸದು.

ಬೂಟು, ಮಾಸ್ಕ್, ಮಳೆಗಾಲಕ್ಕೆ ರೇನ್‌ಕೋಟ್, ಧನುರ್ವಾಯು ಮತ್ತು ಹೆಪಟೈಟಿಸ್ ಬಿ ಲಸಿಕೆ. ಸೋಪು, ನೀರು, ಬಾಗಿಲಿರುವ ಶೌಚಾಲಯ. ಹೆಂಗಸರು ಬಟ್ಟೆ ಬದಲಿಸಲು ಒಂದು ಕೋಣೆ. ಇವು ಇಲ್ಲದೆ ಶೆಡ್ ತೆರೆಯಬೇಡಿ. ಹತ್ತು ಜನ ಆದ ಮೇಲೆ ಇಎಸ್‌ಐ, ಇಪ್ಪತ್ತು ಆದ ಮೇಲೆ ಪಿಎಫ್ ಕಾನೂನಿನ ಪ್ರಕಾರ ಬರುತ್ತದೆ. ಮುಂಚೆಯೇ ಮಾಡಿಸಿದರೆ ಜನ ಬಿಟ್ಟು ಹೋಗುವುದಿಲ್ಲ. ವಾರದ ರಜೆ ತಪ್ಪಿಸಬೇಡಿ, ಸಂಬಳ ಬ್ಯಾಂಕಿಗೇ ಹಾಕಿ.

ದುಡ್ಡಿನ ಲೆಕ್ಕ

ಗುಜರಿ ಮಾರಿ ಕಂಪನಿ ನಡೆಸುತ್ತೇನೆ ಅನ್ನುವ ಆಸೆ ಬೇಡ. ರಟ್ಟಿನ ದರ ಬಿದ್ದ ತಿಂಗಳು ಸಂಬಳಕ್ಕೆ ಕೈ ಕಟ್ಟುತ್ತದೆ. ಮನೆಗಳಿಂದ ಬರುವ ತಿಂಗಳ ಶುಲ್ಕದಲ್ಲಿ ಸಂಬಳ, ಡೀಸೆಲ್, ಗಾಡಿಯ ಕಂತು, ಶೆಡ್ ಬಾಡಿಗೆ, ರಿಜೆಕ್ಟ್ ಸಾಗಿಸುವ ಖರ್ಚು ಪೂರ್ತಿ ಹುಟ್ಟಬೇಕು. ಮಾರಾಟದ ಹಣವನ್ನು ಬೇರೆ ಖಾತೆಯಲ್ಲಿಡಿ. ಗಾಡಿ ರಿಪೇರಿ, ಹಬ್ಬದ ಬೋನಸ್‌ಗೆ ಅದು. ಬೇರೆಯವರಿಗಿಂತ ಅರ್ಧ ದರಕ್ಕೆ ಎತ್ತುತ್ತೇನೆ ಅನ್ನುವವರು ಕಸವನ್ನು ಎಲ್ಲೋ ಸುರಿಯುತ್ತಿದ್ದಾರೆ ಅಂತಲೇ ತಿಳಿಯಿರಿ, ಅವರ ಜೊತೆ ಪೈಪೋಟಿಗೆ ಹೋಗಬೇಡಿ.

ಹಬ್ಬದ ವಾರ

ಆಯುಧಪೂಜೆಯ ಮರುದಿನ ಏನಾಗುತ್ತದೆ ಅಂತ ಹೊಸಬರಿಗೆ ಗೊತ್ತಿರಲ್ಲ. ಬಾಳೆಕಂದು, ಮಾವಿನ ಸೊಪ್ಪು, ಚೆಂಡು ಹೂವು, ಗೇಟಿಗೊಂದು ಒಡೆದ ಬೂದುಗುಂಬಳಕಾಯಿ. ಹಸಿ ಕಸ ಎರಡರಷ್ಟಾಗುತ್ತದೆ, ಬಾಳೆಕಂದು ಗಾಡಿಯನ್ನೇ ತುಂಬಿಬಿಡುತ್ತದೆ. ಬೇಸಿಗೆಯಲ್ಲಿ ಎಳನೀರು ಬುರುಡೆಯದೂ ಇದೇ ಕಥೆ. ಹದಿನೈದು ದಿನ ಮುಂಚೆಯೇ ಬಾಡಿಗೆಗೆ ಇನ್ನೊಂದು ಗಾಡಿ ಹೇಳಿಡಿ. ಬಾಳೆಕಂದು, ಬುರುಡೆಗಳನ್ನು ಬೇರೆಯಾಗಿಯೇ ಎತ್ತಿ. ಕತ್ತರಿಸದೆ ರಾಶಿಗೆ ಹಾಕಿದರೆ ತಿಂಗಳಾದರೂ ಕರಗುವುದಿಲ್ಲ, ಚೂರು ಮಾಡುವ ಯಂತ್ರದವರನ್ನು ಅದೇ ದಿನಕ್ಕೆ ಕರೆಸಿ. ಕುಂಬಳಕಾಯಿಯೊಳಗೆ ತುರುಕಿದ ಚಿಲ್ಲರೆ ಕಾಸು ಸಿಗುತ್ತದೆ, ಅದು ಸಿಕ್ಕವರಿಗೇ ಸೇರಲಿ. ಹಬ್ಬದ ದಿನ ನಮ್ಮ ಜನಕ್ಕೂ ಮನೆಯಲ್ಲಿ ಹಬ್ಬ ಇರುತ್ತದೆ. ಅವತ್ತು ಬೆಳಗ್ಗೆ ಹತ್ತರೊಳಗೆ ಕೆಲಸ ಮುಗಿಸಿ ಕಳಿಸಿ. ಗಾಡಿ ತೊಳೆದು ಹೂವು ಹಾಕಿ ಪೂಜೆ ಮಾಡಲು ಅರ್ಧ ಗಂಟೆ ಬಿಡಿ, ಹಾರದ ದುಡ್ಡು ಕಂಪನಿಯದು.